ಹವಳದ ಮಗಮೆ

ಧರ್ಮಕ್ಕೆ ಚಂದಾ ಎತ್ತುವವರನ್ನು ನೀವೂ ಕಂಡಿದ್ದೀರಿ, ನಾನೂ ಕಂಡಿದ್ದೇನೆ. ಹಲ್ಲು ಕಿರಿಯುತ್ತ ಬರುತ್ತಾರೆ, ರಸೀದಿ ಪುಸ್ತಕ ಬಿಚ್ಚುತ್ತಾರೆ. ಕೊಟ್ಟರೆ ಕೈ ಮುಗಿಯುತ್ತಾರೆ, ಕೊಡದಿದ್ದರೆ ಬೀದಿ ತಿರುಗುವ ತನಕ ಸುಮ್ಮನಿದ್ದು ಆಮೇಲೆ ಬೈಯುತ್ತಾರೆ. ಲಾರಿ ಡ್ರೈವರ್ ಕುಪ್ಪಸಾಮಿ ಆ ಪೈಕಿಯವನಲ್ಲ. ಅವನು ಕೊಡದವನ ಹಲ್ಲು ಉದುರಿಸಿ ಧರ್ಮ ವಸೂಲು ಮಾಡಿದ ಆಸಾಮಿ. ಅದೂ ಯಾವುದಕ್ಕೆ ಅಂತೀರಿ? ಗುಡಿಗಲ್ಲ, ಅನ್ನಸಂತರ್ಪಣೆಗಲ್ಲ. ಇನ್ನೂರು ಮೈಲಿ ಆಚೆ ತೂತ್ತುಕುಡಿಯ ಕಡಲಿನೊಳಗೆ ಮುಳುಗಿ ಕುಳಿತ ಹವಳದ ದಿಬ್ಬಕ್ಕೆ!

ಎಂಬತ್ತಮೂರನೆಯ ಇಸವಿ, ಪೊಂಗಲ್ ಕಳೆದ ವಾರ. ತಿರುಪ್ಪೂರಿನ ಒಂದು ಬ್ಲೀಚಿಂಗ್ ಪುಡಿ ಕಾರ್ಖಾನೆಯ ಗೇಟಿನೊಳಗೆ ಕುಪ್ಪಸಾಮಿಯ ಲಾರಿ ನಿಂತಿತ್ತು. ಲಾರಿ ತುಂಬ ಸುಣ್ಣದ ಮೂಟೆ. ಆ ಊರಿನ ಬನಿಯನ್ ಬಟ್ಟೆಯೆಲ್ಲ ಹಾಲಿನಷ್ಟು ಬೆಳ್ಳಗಾಗುವುದು ಆ ಪುಡಿಯಿಂದ, ಪುಡಿಯಾಗುವುದು ಸುಣ್ಣದಿಂದ. ಕುಪ್ಪಸಾಮಿ ಹಿಂಬದಿಯ ಹಲಗೆಗೆ ಬೆನ್ನು ಕೊಟ್ಟು ನಿಂತು, "ಮೂಟೆಗೆ ಕಾಲು ರೂಪಾಯಿ ಮಗಮೆ ಇಡು. ಆಮೇಲೆ ಇಳಿಸು," ಅಂದ. ಮಾತು ತಮಿಳಿನಲ್ಲಿ ನಡೆದದ್ದು. ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಮಗಮೆ ಎಂದರೆ ಆ ಸೀಮೆಯ ವ್ಯಾಪಾರಿಗಳ ಹಳೆಯ ಪದ್ಧತಿ. ಮೂಟೆಗಿಷ್ಟು, ಹೊರೆಗಿಷ್ಟು ಎಂದು ಸರಕಿನ ಮೇಲೆ ಧರ್ಮಕ್ಕೆ ತೆಗೆದಿಡುವ ಚಿಲ್ಲರೆ. ಗುಡಿ, ಶಾಲೆ, ಛತ್ರ ಎಲ್ಲ ಎದ್ದದ್ದು ಅದರಿಂದಲೇ. ಕೊಡುವವನಿಗೆ ನೋವಾಗುವುದಿಲ್ಲ, ಕೇಳುವವನಿಗೆ ನಾಚಿಕೆಯಿಲ್ಲ.

"ಯಾವ ಕೋವಿಲಿಗಪ್ಪ?" ಅಂತ ಮ್ಯಾನೇಜರ್ ಕೇಳಿದ.

"ಕೋವಿಲಿಗಲ್ಲ. ಪವಳ ಕಾಯೋಕೆ."

ಪವಳ ಎಂದರೆ ಹವಳವೇ. ಮ್ಯಾನೇಜರ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಮೀನಿಗೆ ಮನೆ ಕಟ್ಟಿಸ್ತೀಯಾ? ಗೃಹಪ್ರವೇಶಕ್ಕೆ ನಮ್ಮನ್ನೂ ಕರಿ," ಅಂದ. ಪಾಪ, ಅಲ್ಲಿಗೆ ನಿಲ್ಲಿಸಿದ್ದರೆ ಬದುಕಿಕೊಳ್ಳುತ್ತಿದ್ದ. "ನಿಮ್ಮಪ್ಪ ಮಗ್ಗದ ಗುಂಡಿಯಲ್ಲಿ ಕಾಲು ಬಿಟ್ಕೊಂಡು ಸತ್ತ, ನೀನು ಕಡಲು ಕಾಯ್ತೀಯಾ?" ಅಂತಲೂ ಸೇರಿಸಿದ. ಕುಪ್ಪಸಾಮಿಯ ಬಲಗೈ ಎದ್ದದ್ದನ್ನು ಯಾರೂ ನೋಡಲಿಲ್ಲ, ಮ್ಯಾನೇಜರ್ ಸುಣ್ಣದ ದೂಳಿನಲ್ಲಿ ಅಂಗಾತ ಬಿದ್ದದ್ದನ್ನು ಎಲ್ಲರೂ ನೋಡಿದರು. ಕಾವಲುಗಾರ ಕೋಲು ಬೀಸಿಕೊಂಡು ಬಂದ. ಅದೇ ಕೋಲಿನಿಂದ ಕಾವಲುಗಾರನದೇ ಮೊಣಕಾಲು ಮುರಿಯಿತು. ಒಳಗಿಂದ ಓಡಿಬಂದ ಏಳು ಜನ ಸೇರಿ ಕುಪ್ಪಸಾಮಿಯನ್ನು ನೆಲಕ್ಕೆ ಕೆಡವಿ ಪಕ್ಕೆಗೆ ಒದ್ದರು. ಅವನು ರಕ್ತ ಉಗಿದು ಎದ್ದು, ಮತ್ತೆ ಹೋಗಿ ಅದೇ ಹಲಗೆಗೆ ಬೆನ್ನು ಕೊಟ್ಟು ನಿಂತ. ಒಳಗೆ ಬಟ್ಟೆ ಕಾಯುತ್ತಿತ್ತು, ಪುಡಿ ಬೇಕಾಗಿತ್ತು. ಮಾಲೀಕ ಬಂದು ಮ್ಯಾನೇಜರನಿಗೇ ಬೈದು ಮಗಮೆ ಎಣಿಸಿಕೊಟ್ಟ.

ಆವತ್ತಿನಿಂದ ಅವನಿಗೆ 'ಪವಳ ಕುಪ್ಪಾನ್' ಎಂಬ ಹೆಸರಾಯಿತು. ತಮಾಷೆಗೆ ಕರೆದರು, ಆದರೆ ಅವನ ಎದುರಿಗೆ ಕರೆಯುವ ಗುಂಡಿಗೆ ಮೂರು ನಾಲ್ಕು ಜನಕ್ಕಷ್ಟೇ ಇತ್ತು.

ಅವನದು ಸಿರುಮುಗೈಯಲ್ಲಿ ರೇಷ್ಮೆ ಸೀರೆ ನೇಯುವ ದೇವಾಂಗದವರ ಮನೆ. ತಾತ ಮುತ್ತಾತಂದಿರ ಕಾಲದಿಂದ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡದ ಅಕ್ಷರ ಅವನಿಗೆ ಒಂದೂ ಗೊತ್ತಿಲ್ಲ. ಹದಿನೆಂಟನೆಯ ವಯಸ್ಸಿಗೆ, ಅಪ್ಪನನ್ನು ಏಕವಚನದಲ್ಲಿ ಬೈದ ಎಂಬ ಕಾರಣಕ್ಕೆ ಸೀರೆ ವ್ಯಾಪಾರಿಯೊಬ್ಬನನ್ನು ಭವಾನಿ ಹೊಳೆಗೆ ಎಸೆದ. ಆ ಮೇಲೆ ಅವರ ಮಗ್ಗಕ್ಕೆ ನೂಲು ಕೊಡುವವರಿಲ್ಲದೆ ಹೋಯಿತು. ಇವನು ಲಾರಿ ಹತ್ತಿದ. ಕ್ಲೀನರ್ ಆಗಿದ್ದು ಡ್ರೈವರ್ ಆದ. ಕೋಯಮತ್ತೂರಿನ ಅಂಚಿನ ಸಿಂಗಾನಲ್ಲೂರು ಕೆರೆಯ ಹಿಂದಿನ ಬೀದಿಯಲ್ಲಿ ಮನೆ ಮಾಡಿ ನೇಯ್ಗೆ ಬಲ್ಲ ಈಶ್ವರಿಯನ್ನು ಕಟ್ಟಿಕೊಂಡ. ಮದುವೆಯಾದ ಮೂರನೆಯ ತಿಂಗಳು ಅವಳ ಕೆನ್ನೆಗೆ ಒಂದು ಬಿಟ್ಟ. ಈಶ್ವರಿ ಏನು ಸಾಮಾನ್ಯಳೇ! ಕೈಯಲ್ಲಿದ್ದ ಲಾಳಿಯ ಮೊನೆಯಿಂದಲೇ ಅವನ ಹುಬ್ಬಿನ ಮೇಲೆ ತಿರುಗಿ ಕೊಟ್ಟಳು. ಐದು ಹೊಲಿಗೆ ಬಿತ್ತು. ಆಮೇಲೆ ಹದಿಮೂರು ವರ್ಷ ಆ ಮನೆಯಲ್ಲಿ ಗಂಡ ಹೆಂಡತಿ ಮಾತಿನಲ್ಲೇ ಜಗಳ ಮುಗಿಸಿದರು.

ಅವನ ಮೊದಲಾಳಿ, ಅಂದರೆ ಮಾಲೀಕ, ಚೆನ್ನಿಯಪ್ಪನ್. ಹೊಲ ಉಳುವ ಒಕ್ಕಲಿಗರ ಮನೆಯಿಂದ ಬಂದು ಸುಣ್ಣದ ಗೂಡು ಹಾಕಿ ಸಾಹುಕಾರನಾದವನು. ಆ ಗೂಡಿಗೆ ಬೇಕಾದ ಕಲ್ಲು ಬೆಟ್ಟದ ಕಲ್ಲಲ್ಲ, ಕಡಲಿನ ಹವಳ. ತೂತ್ತುಕುಡಿಯ ಕಡೆ ಆಳುಗಳು ಹಾರೆ ಹಿಡಿದು ಮುಳುಗಿ, ದಿಬ್ಬದಿಂದ ಹವಳ ಒಡೆದು ದೋಣಿಗೆ ತುಂಬುತ್ತಾರೆ. ದಡದಲ್ಲಿ ಲಾರಿ ಕಾದಿರುತ್ತದೆ. ಹತ್ತು ವರ್ಷ ಕುಪ್ಪಸಾಮಿ ಅದನ್ನು ಹೇರಿಕೊಂಡು ಬಂದ. ಅವನ ಕಣ್ಣಿಗೆ ಅದು ಬಿಳಿಯ ತೂತು ತೂತು ಕಲ್ಲು, ಅಷ್ಟೇ.

ಎಂಬತ್ತೆರಡರಲ್ಲಿ ಒಂದು ದಿನ ಲೋಡು ತಡವಾಯಿತು. ದಡದಲ್ಲಿ ಸೂಸೈ ಎಂಬ ಬೆಸ್ತನೊಬ್ಬ ಹಾರೆಯವರ ಜೊತೆ ಕೈಕೈ ಮಿಲಾಯಿಸುತ್ತಿದ್ದ. ಒಬ್ಬನೇ ಐದು ಜನರ ಮೇಲೆ ಬಿದ್ದಿದ್ದ. ಕುಪ್ಪಸಾಮಿಗೆ ವಿಷಯ ಏನೂ ತಿಳಿಯದು, ಒಬ್ಬನಿಗೆ ಐದು ಜನ ಅಂದರೆ ಲೆಕ್ಕ ಸರಿಯಿಲ್ಲ ಅನ್ನಿಸಿತು. ಜಾಕಿ ಹಿಡಿ ತಗೊಂಡು ಇಳಿದೇಬಿಟ್ಟ. ಜಗಳ ಮುಗಿದ ಮೇಲೆ ಇಬ್ಬರೂ ಮೂಗಿನ ರಕ್ತ ಒರೆಸಿಕೊಳ್ಳುತ್ತ ನಕ್ಕರು. ಸೂಸೈ ಅವನನ್ನು ದೋಣಿಗೆ ಹತ್ತಿಸಿಕೊಂಡು ಹೋಗಿ, ತಳಕ್ಕೆ ಗಾಜು ಹಾಕಿದ ಒಂದು ಮರದ ಪೆಟ್ಟಿಗೆ ನೀರಿನ ಮೇಲೆ ಇಟ್ಟು, "ನೋಡು ಅಣ್ಣಾಚಿ," ಅಂದ.

ಕುಪ್ಪಸಾಮಿ ನೋಡಿದ. ಕೆಂಪು, ನೇರಳೆ, ಮಾವಿನ ಚಿಗುರಿನ ಬಣ್ಣ. ಕೊಂಬೆ ಕೊಂಬೆಯಾಗಿ, ಬೀಸಣಿಗೆ ಬೀಸಣಿಗೆಯಾಗಿ ಹಬ್ಬಿತ್ತು. ನಡುವೆ ಮೀನು ಲಾಳಿ ಓಡಿದ ಹಾಗೆ ಓಡುತ್ತಿತ್ತು. ತನ್ನವ್ವ ನೇಯ್ದ ಯಾವ ಸೆರಗಿನಲ್ಲೂ ಇಂಥ ಬಣ್ಣ ಅವನು ಕಂಡಿರಲಿಲ್ಲ.

"ಇದು ಜೀವ ಅಣ್ಣಾಚಿ. ಇದು ಇದ್ರೆ ಮೀನು, ಮೀನು ಇದ್ರೆ ನಾವು. ಅಲೆ ಊರೊಳಗೆ ನುಗ್ಗದ ಹಾಗೆ ತಡೆಯೋದೂ ಇದೇ. ನೀನು ಹೇರ್ಕೊಂಡು ಹೋಗ್ತೀಯಲ್ಲ, ಅದು ಇದರ ಹೆಣ," ಅಂದ ಸೂಸೈ.

ಕುಪ್ಪಸಾಮಿ ಪೆಟ್ಟಿಗೆಯಿಂದ ಮುಖ ಎತ್ತಿದ. ಏನು ಮಾಡಬೇಕು ಅಂತ ಕೇಳಿದ. ನೀರು ಇಳಿಯುವ ತಿಂಗಳುಗಳಲ್ಲಿ ದಿಬ್ಬದ ಮುಂದೆ ಒಂದು ದೋಣಿ ನಿಂತಿದ್ದರೆ ಸಾಕು, ಹಾರೆಯವರು ಲಂಗರು ಹಾಕಲಾರರು, ಅಂದ ಸೂಸೈ. ದೋಣಿ ಇದೆ. ನಾಲ್ಕು ಜನ ಮೀನು ಹಿಡಿಯುವುದು ಬಿಟ್ಟು ಅಲ್ಲೇ ನಿಂತರೆ ಅವರ ಮನೆಯ ಒಲೆ ಹಚ್ಚುವವರಾರು? "ಅದು ನನಗೆ ಬಿಡು," ಅಂದ ಕುಪ್ಪಸಾಮಿ. ಸೂಸೈಯ ದೋಣಿ ಆ ದಿಬ್ಬದ ಮುಂದೆ ನಿಂತಿರಬೇಕು. ಕುಪ್ಪಸಾಮಿ ತನ್ನ ಜೀವಮಾನದಲ್ಲಿ ಮನಸ್ಸಿಟ್ಟು ಬೇಡಿಕೊಂಡದ್ದು ಇದೊಂದೇ.

ಬಂದವನೇ ಮಗಮೆ ಶುರು ಮಾಡಿದ. ಅವನ ಬುದ್ಧಿಗೆ ಹೊಳೆಯುವುದಾದರೂ ಇನ್ನೇನು? ಅವರ ಕಡೆ ಧರ್ಮವೆಂದರೆ ಸರಕಿನ ಮೇಲೆ ಏಳುವುದು. ಸರಕು ಯಾವುದು? ಅವನ ಲಾರಿಯ ಸುಣ್ಣ. ಆ ಸುಣ್ಣ ಯಾವುದರದು ಎಂದು ಅವನು ಒಂದು ಗಳಿಗೆ ಕೂತು ಯೋಚಿಸಲಿಲ್ಲ. ನನಗೆ ಈಗಲೂ ಅವನ ಮೇಲೆ ಸಿಟ್ಟು ಬರುವುದು ಅಲ್ಲಿಯೇ.

ಈಶ್ವರಿ ಯೋಚಿಸಿದಳು. ರಾಗಿ ಕಳಿ ಬಡಿಸುತ್ತ ಕೇಳಿಯೇ ಕೇಳಿದಳು: "ಮಾಮ, ಪವಳ ಒಡ್ಕೊಂಡು ಬಂದ್ರೆ ಮೂಟೆ, ಮೂಟೆ ಇದ್ರೆ ಮಗಮೆ, ಆ ಮಗಮೇಲಿ ಪವಳ ಕಾಯೋದು. ಇದೇನ್ ಕೂತ್ತು, ಬಯಲಾಟಾನಾ?"

"ಲೋಡು ಇಲ್ದೆ ಮಗಮೆ ಆಕಾಶ್ದಿಂದ ಬೀಳ್ತದಾ?"

"ಅದ್ನೇ ನಾನೂ ಕೇಳ್ತಿರೋದು."

"ನೀನು ಸುಮ್ನಿರು. ದರ್ಮದ ವಿಷಯ ಇದು," ಅಂತ ಅವನು ಗದರಿ ತಟ್ಟೆ ತಳ್ಳಿ ಎದ್ದ. ಅವಳು ಆ ತಟ್ಟೆಯನ್ನೇ ಎಳೆದುಕೊಂಡು ಉಂಡಳು.

ಚೆನ್ನಿಯಪ್ಪನ್ ಈ ಸುದ್ದಿ ಕೇಳಿ ಡ್ರೈವರನನ್ನು ಒದ್ದು ಓಡಿಸುತ್ತಾನೆ ಎಂದು ಎಲ್ಲರೂ ಕಾದರು. ಅವನು ಅಷ್ಟು ದಡ್ಡನಲ್ಲ. ಮಗಮೆ ಕೊಡುವವರು ತಿರುಪ್ಪೂರಿನವರು, ಕೈಯಿಂದ ಕಾಸು ಬಿಚ್ಚಬೇಕಾಗಿಲ್ಲ, ಹೆಸರು ಮಾತ್ರ ತನಗೆ ಬರುತ್ತದೆ. 'ಪವಳ ರಕ್ಷಣೆ ಮಗಮೆ ನಿಧಿ' ಎಂದು ಬೋರ್ಡು ಬರೆಸಿ ತಾನೇ ಅಧ್ಯಕ್ಷನಾದ. ಕೋಯಮತ್ತೂರಿನ ಒಂದು ಸಭೆಯಲ್ಲಿ ಅವನಿಗೆ ಜರಿ ಶಾಲು ಹೊದಿಸಿದರು. ಹವಳ ತಿಂದು ಬೆಳೆದ ಮನುಷ್ಯನಿಗೆ ಹವಳ ಕಾದದ್ದಕ್ಕೆ ಶಾಲು! ಥೂ! ಹಿಂದಿನ ಸಾಲಿನಲ್ಲಿ ನಿಂತಿದ್ದ ಕುಪ್ಪಸಾಮಿ ಅಂಗೈ ಕೆಂಪಾಗುವ ತನಕ ಚಪ್ಪಾಳೆ ಹೊಡೆದ.

ಮೊದಲ ವರ್ಷ ದೋಣಿ ಆಗಾಗ ನಿಂತಿತು, ಆಗಾಗ ಹೋಯಿತು. ಎಂಬತ್ತನಾಲ್ಕರಲ್ಲಿ ಸೂಸೈ ಜಾಗ ಬಿಟ್ಟು ಕದಲಲಿಲ್ಲ. ಎರಡು ಸಲ ಹಾರೆಯವರ ದೋಣಿಗಳು ಬಂದವು. ಒಂದು ಸಲ ಸೂಸೈ ಹುಟ್ಟಿನಿಂದ ಬಾರಿಸಿ ಮೂವರನ್ನು ನೀರಿಗೆ ಕೆಡವಿದ, ಇನ್ನೊಂದು ಸಲ ಅವರು ಎಸೆದ ಕಲ್ಲಿಗೆ ಅವನ ತಮ್ಮನ ಕಿವಿ ಹರಿದುಹೋಯಿತು. ಆದರೂ ದಿಬ್ಬ ಉಳಿಯಿತು, ದೋಣಿಗಳು ಬರಿದಾಗಿ ಮರಳಿದವು. ಧರ್ಮ ಗೆದ್ದಿತು ಅನ್ನಿ. ಗೆದ್ದದ್ದೇ ತಡ, ಸಿಂಗಾನಲ್ಲೂರಿನಲ್ಲಿ ಗೂಡು ಆರಿತು. ಸುಣ್ಣವಿಲ್ಲ, ಮೂಟೆಯಿಲ್ಲ, ಮೂಟೆಯಿಲ್ಲದೆ ಮಗಮೆಯಿಲ್ಲ. ಒಂದು ತಿಂಗಳಿಗೆ ಸೂಸೈಯಿಂದ ಕಾಗದ ಬಂತು: ಅಣ್ಣಾಚಿ, ನನ್ನ ಆಳುಗಳ ಮನೆಯಲ್ಲಿ ಗಂಜಿಯಿಲ್ಲ, ಇಬ್ಬರು ಹಾರೆ ಹಿಡಿಯಲು ಹೋಗುತ್ತೇವೆ ಅನ್ನುತ್ತಿದ್ದಾರೆ, ಈ ಹುಣ್ಣಿಮೆ ದಾಟಿದರೆ ನಾನೊಬ್ಬನೇ.

ಕುಪ್ಪಸಾಮಿ ಕಾಗದ ಹಿಡಿದು ಚೆನ್ನಿಯಪ್ಪನ ಮುಂದೆ ನಿಂತ. "ಮೊದಲಾಳಿ, ನಿಧಿಗೆ ನೀವೇ ತಲೈವರ್. ನಿಮ್ಮ ಕೈಯಿಂದ ಈ ಒಂದು ಸಲ ಕೊಡಿ."

"ಕೈಯಿಂದ ಕೊಟ್ರೆ ಅದು ಪಿಚ್ಚೆ, ಬಿಕ್ಷೆ ಆಗ್ತದೆ ಕುಪ್ಪಾ. ಮಗಮೆ ಅಂದ್ರೆ ಸರಕಿನ್ ಮೇಲೇ ಏಳ್ಬೇಕು. ನಮ್ಮ ದೊಡ್ಡೋರು ಮಾಡಿದ ಕಟ್ಟಳೆ ಅದು," ಅಂದ ಚೆನ್ನಿಯಪ್ಪನ್. ಎಲೆಯಡಿಕೆ ಉಗಿದು ಬಂದು, ದನಿ ತಗ್ಗಿಸಿ ಮುಂದುವರಿಸಿದ: "ನಿನ್ನ ಸೂಸೈ ದಿಬ್ಬ ಬೇಡಪ್ಪ. ಬಡಗಡೆ ಬೇರೆ ತೀವು ಅದೆ. ಹತ್ತು ಲೋಡು ಹೊಡ್ಕೊಂಡು ಬಾ. ಆಳುಗಳ ಕೂಲಿಯೂ ಆಯ್ತು, ಅವನ ದೋಣಿಗೆ ಒಂದು ಡೀಸೆಲ್ ಎಂಜಿನೂ ಕೊಡಿಸ್ತೀನಿ. ಎಂಜಿನ್ ಇದ್ರೆ ಒಬ್ನೇ ಹತ್ತು ಜನಾನ ಓಡ್ಸ್ತಾನೆ. ಹೋಗ್ತೀಯೋ, ಕಾಗದ ಓದ್ತಾ ಕೂತಿರ್ತೀಯೋ?"

ಬೇರೆ ದ್ವೀಪ ಅಂದ ಕೂಡಲೇ ಕುಪ್ಪಸಾಮಿ ಒಪ್ಪಿಬಿಟ್ಟ. ಗಾಜಿನ ಪೆಟ್ಟಿಗೆಯಲ್ಲಿ ಅವನು ನೋಡಿದ್ದು ಒಂದೇ ದಿಬ್ಬ. ಜೀವವಿದ್ದದ್ದು ಅದಕ್ಕೊಂದಕ್ಕೇ ಎಂಬಂತೆ ನಡೆದುಕೊಂಡ.

ಬಡಗಣ ದಡಕ್ಕೆ ಹತ್ತು ಸಲ ಹೋಗಿಬಂದ. ಜೊತೆಗೆ ಗೂಡಿನ ಮೇಸ್ತ್ರಿ ಮೈಲ್‌ಸಾಮಿ. ಹತ್ತನೆಯ ಸಲ ಬೆಳಗಿನ ಜಾವ ಲಾರಿ ಹಿಂದಕ್ಕೆ ಒತ್ತಿಸಿ ನಿಲ್ಲಿಸಿದಾಗ ದೋಣಿಯಿಂದ ಹೊತ್ತು ತಂದ ಕಲ್ಲು ಇನ್ನೂ ಲೋಳೆ ಸುರಿಸುತ್ತಿತ್ತು. ಎರಡು ಮೂರು ಕಲ್ಲಿಗೆ ರಕ್ತ ಹತ್ತಿತ್ತು. ಹೊರುವವರು ಎಂದಿನಂತೆ ಹಾಡಲಿಲ್ಲ, ಬೈದಾಡಲಿಲ್ಲ, ಒಬ್ಬನ ತುಟಿ ಒಡೆದಿತ್ತು.

"ಇದು ಯಾವ ತೀವು?" ಅಂತ ಕುಪ್ಪಸಾಮಿ ಕೇಳಿದ.

"ಹೇಳ್ಲಿಲ್ವಾ, ಬಡಗಡೇದು," ಅಂದ ಮೈಲ್‌ಸಾಮಿ.

"ರತ್ತ?"

"ಪವಳ ಕತ್ತಿ ಇದ್ದಂಗೆ. ಕಾಲು ಕುಯ್ಕೊಂಡೌನೆ ಯಾವನೋ. ಟಾರ್ಪಾಲ್ ಎಳಿ."

ಹವಳಕ್ಕೆ ಕಾಲು ಕೊಯ್ಯುವುದು ನಿಜವೇ. ಆದರೆ ಆ ರಕ್ತ ಕಾಲಿನದಲ್ಲ ಎಂದು ಕುಪ್ಪಸಾಮಿಗೆ ಗೊತ್ತಾಗಿತ್ತು. ಜೀವಮಾನವೆಲ್ಲ ಹೊಡೆದಾಟದಲ್ಲಿ ಕಳೆದವನಿಗೆ ಹೊಡೆದಾಡಿ ಬಂದವರ ಮುಖ ತಿಳಿಯದೇ? ಎರಡನೆಯ ಸಲ ಅವನು ಕೇಳಲಿಲ್ಲ. ಟಾರ್ಪಾಲ್ ಎಳೆದು ಕಟ್ಟಿದ. ಹತ್ತನೆಯ ಲೋಡು ಅದು, ಮುಗಿದರೆ ಎಂಜಿನ್.

ಹತ್ತು ಲೋಡಿನ ಮಗಮೆಯನ್ನು ತಿರುಪ್ಪೂರಿನವರು ತುಟಿ ಪಿಟಕ್ಕೆನ್ನದೆ ಕೊಟ್ಟರು. ಎಂಜಿನ್ ಬಂತು. ಗೂಡಿನ ಕಚೇರಿಯ ಮುಂದೆ ಅದಕ್ಕೆ ಹಳದಿ ಬಣ್ಣ ಹೊಡೆಸಿ, ಚೆಂಡುಹೂವಿನ ಹಾರ ಹಾಕಿ, 'ಧರ್ಮ ಮಾಡಿದವರು: ಚೆನ್ನಿಯಪ್ಪನ್' ಎಂದು ತಮಿಳಿನಲ್ಲಿ ಅಂಗೈ ಅಗಲದ ಅಕ್ಷರ ಬರೆಸಿದರು. ಪತ್ರಿಕೆಯವರು ಬಂದು ಫೋಟೋ ತೆಗೆಯುವ ತನಕ ಕಳಿಸಕೂಡದು ಎಂದು ಮೊದಲಾಳಿಯ ಹುಕುಂ ಆಯಿತು.

ಎಂಜಿನ್ ಬಂದ ನಾಲ್ಕನೆಯ ದಿನ ಸೂಸೈಯೇ ಬಂದ.

ತಂತಿ ಬಂದದ್ದು ನೋಡಿ ಕುಪ್ಪಸಾಮಿ ಪೋತ್ತನೂರು ಜಂಕ್ಷನ್ನಿಗೆ ಹೋಗಿ ನಿಂತಿದ್ದ. ಪೊಳ್ಳಾಚಿ ಕಡೆಯ ರೈಲಿನಿಂದ ಮೊದಲು ಇಳಿದವಳು ಸೂಸೈಯ ಹೆಂಡತಿ ಸವೇರಿಯಮ್ಮ. ಅವಳು ಕೈ ಚಾಚಿ ಸೊಂಟ ಹಿಡಿದು ಇಳಿಸಿಕೊಂಡ ಗಂಡಸನ್ನು ಕುಪ್ಪಸಾಮಿ ಗುರುತು ಹಿಡಿಯಲಿಲ್ಲ. ಮುಖ ಊದಿ ಒಂದು ಕಣ್ಣು ಮುಚ್ಚಿತ್ತು. ಎರಡು ಕೈಗೂ ಬಿದಿರಿನ ದಬ್ಬೆ ಕಟ್ಟಿ ಕೊರಳಿಗೆ ನೇತುಹಾಕಿತ್ತು. ಬೆರಳುಗಳು ಕಪ್ಪಾಗಿದ್ದವು.

"ಅಣ್ಣಾಚಿ," ಅಂತ ಸೂಸೈ ನಕ್ಕ. ಮುಂದಿನ ಹಲ್ಲು ಇರಲಿಲ್ಲ. "ನಿನ್ನ ಊರಲ್ಲಿ ದೊಡ್ಡ ಆಸ್ಪತ್ರೆ ಇದೆ ಅಂದ್ರು. ನಿನ್ನ ಬಿಟ್ರೆ ನನಗೆ ಇಲ್ಲಿ ಯಾರು?"

ಆಸ್ಪತ್ರೆಯಲ್ಲಿ ಡಾಕ್ಟರು ದಬ್ಬೆ ಬಿಚ್ಚಿ ನೋಡಿ ತಲೆ ಅಲ್ಲಾಡಿಸಿದರು. ಮೊಣಕೈ ಎರಡೂ ನುಚ್ಚಾಗಿವೆ, ಪ್ಲಾಸ್ಟರ್ ಹಾಕಬಹುದು, ಮತ್ತೆ ಹುಟ್ಟು ಹಾಕುವ ಮಾತು ಮರೆತುಬಿಡಿ, ಅಂದರು. ಸವೇರಿಯಮ್ಮ ಅಳಲಿಲ್ಲ. ಸೂಸೈ ಪ್ಲಾಸ್ಟರ್ ಒಣಗುವ ತನಕ ಮಲಗಿಕೊಂಡೇ ನಡೆದದ್ದು ಹೇಳಿದ. ಹಾರೆಯವರು ಈ ಸಲ ಮುಂದಿನಿಂದ ಬರಲಿಲ್ಲ. ಬಡಗಣ ದಿಕ್ಕಿನಿಂದ ದ್ವೀಪ ಸುತ್ತಿಕೊಂಡು ದಿಬ್ಬದ ಬೆನ್ನ ಕಡೆಗೆ ಬಂದಿದ್ದರು. ಒಂಬತ್ತು ಸಲ ಬಂದುಹೋದದ್ದು ಅವನಿಗೆ ತಿಳಿಯಲೇ ಇಲ್ಲ, ಹತ್ತನೆಯ ಸಲ ಹಾರೆಯ ಸದ್ದು ಕೇಳಿತು. ಆಳುಗಳು ಬಿಟ್ಟುಹೋಗಿದ್ದರು, ಒಬ್ಬನೇ ಹೋದ. ಹನ್ನೊಂದು ಜನ. ಅವನನ್ನು ಅವರ ದೋಣಿಗೆ ಎಳೆದುಕೊಂಡು, ಒಡೆದ ಹವಳದ ರಾಶಿಯ ಮೇಲೆ ಮಲಗಿಸಿ, ಇಬ್ಬರು ಒಂದೊಂದು ಕೈ ತುಳಿದು ಹಿಡಿದರು. ಇನ್ನೊಬ್ಬ ಹಾರೆಯ ಹಿಂಬದಿಯಿಂದ ಮೊದಲು ಬಲಗೈ, ಆಮೇಲೆ ಎಡಗೈ ಕುಟ್ಟಿದ. ಮೆಣಸಿನಕಾಯಿ ಕುಟ್ಟಿದ ಹಾಗೆ ಕುಟ್ಟಿದ, ಅಂದ ಸೂಸೈ. ಆಮೇಲೆ ದಡದ ಹತ್ತಿರ ನೀರಿಗೆ ಎಸೆದರು.

"ನಾನು ಸತ್ತೆ ಅಂದ್ಕೊಂಡ್ರು. ಬಂಡೆ ಮರೆಯಿಂದ ನೋಡ್ದೆ ಅಣ್ಣಾಚಿ. ದಡದಲ್ಲಿ ಲಾರಿ ನಿಂತಿತ್ತು. ಕೋಯಮತ್ತೂರು ನಂಬರು. ಪೂರ್ತಿ ಓದೋಕೆ ಆಗ್ಲಿಲ್ಲ, ಕಣ್ಣಲ್ಲಿ ರಕ್ತ. ನನ್ನ ರಕ್ತ ಹತ್ತಿದ ಕಲ್ಲು ತುಂಬ್ಕೊಂಡು ಹೋದ ಆ ಡ್ರೈವರ್ ಯಾರು ಅಂತ ನನಗೆ ಗೊತ್ತಾಗ್ಬೇಕು. ನೀನು ಎಲ್ಲಾ ಡ್ರೈವರ್‌ಗಳನ್ನೂ ಬಲ್ಲೆ. ಹುಡುಕಿ ಕೊಡು. ಕೈ ಹೋದದ್ದು ಹೋಯ್ತು, ಅವನ ಮುಖ ಒಂದ್ಸಲ ನೋಡ್ಬೇಕು."

ಕುಪ್ಪಸಾಮಿ ಸೂಸೈಯ ಹೊದಿಕೆ ಸರಿಮಾಡಿದ. "ಹುಡುಕ್ತೀನಿ," ಅಂದ.

ಹುಡುಕುತ್ತಾನಂತೆ! ಅವರಿಬ್ಬರನ್ನೂ ಮನೆಗೆ ಕರೆದುಕೊಂಡು ಬಂದು ತನ್ನ ಚಾಪೆ ಹಾಸಿ ಮಲಗಿಸಿದ. ಈಶ್ವರಿ ಗಂಡನ ಮುಖ ನೋಡಿದಳು, ಸೂಸೈಯ ಕೈ ನೋಡಿದಳು. ಹಿತ್ತಿಲಿಗೆ ಅವನನ್ನು ಎಳೆದುಕೊಂಡು ಹೋದಳು.

"ಹತ್ತನೇ ಲೋಡಾ ಮಾಮ?"

ಅವನು ಕೊಡದ ನೀರು ಎತ್ತಿ ಮುಖಕ್ಕೆ ಸುರಿದುಕೊಂಡ.

"ನೀನ್ ಹೇಳ್ತೀಯೋ, ನಾನ್ ಹೇಳ್ಲೋ? ನಾಳೆ ಸಂಜೆ ತನ್ಕ ನೋಡ್ತೀನಿ."

ಮಾರನೆಯ ದಿನ ಬೆಳಿಗ್ಗೆ ಕುಪ್ಪಸಾಮಿ ಗೂಡಿಗೆ ಹೋದ. ನಾಚಿಕೆ ತುಂಬಿದವನಿಗೆ ಯಾರನ್ನಾದರೂ ಹೊಡೆಯಬೇಕಾಗಿತ್ತು, ಅಷ್ಟೇ. ಮೈಲ್‌ಸಾಮಿ ಗೂಡಿನ ಬಾಯಲ್ಲಿ ನಿಂತು ಬೀಡಿ ಸೇದುತ್ತಿದ್ದ. ಒಂದೂ ಮಾತಿಲ್ಲದೆ ಅವನ ಕುತ್ತಿಗೆ ಹಿಡಿದು ಗೋಡೆಗೆ ಒರಗಿಸಿದ.

"ಯಾವ ತೀವುಡಾ ಅದು?"

"ಬಿಡು ಕುಪ್ಪಣ್ಣ, ಮೊದಲಾಳಿ ಹೇಳಿದ್ದು..."

ಮುಂದಿನ ಮಾತು ಹಲ್ಲಿನ ಜೊತೆ ಆಚೆ ಬಿತ್ತು. ಮೈಲ್‌ಸಾಮಿಯ ಮೂಗು ಮುರಿಯಿತು, ಕೀಲು ತಪ್ಪಿದ ಭುಜ ಜೋತಾಡಿತು. ಸಲಿಕೆ ಹಿಡಿದು ಓಡಿಬಂದ ಗೂಡಿನ ಆಳುಗಳಲ್ಲಿ ಇಬ್ಬರು ನೆಲಕ್ಕೆ ಬಿದ್ದರು. ಚೆನ್ನಿಯಪ್ಪನ್ ಕಚೇರಿಯ ಮೆಟ್ಟಿಲ ಮೇಲೆ ನಿಂತು, "ಒಬ್ಬನಿಗೆ ಇಷ್ಟು ಜನ ಸಾಲದೇನ್ರೋ? ತಳ್ರೋ ಅವನ್ನ ತೊಟ್ಟಿಗೆ!" ಅಂತ ಕಿರುಚಿದ. ಐದು ಜನ ಅವನನ್ನು ಎತ್ತಿ, ನೀರು ಹಾಕಿ ಕುದಿಯುತ್ತಿದ್ದ ಸುಣ್ಣದ ತೊಟ್ಟಿಯ ಕಡೆಗೆ ಒಯ್ದರು. ಅವನು ಅಂಚು ಹಿಡಿದು ಒದ್ದಾಡಿದ. ಎಡಗಾಲು ಮೊಣಕಾಲಿನ ತನಕ ಒಳಗೆ ಹೋಯಿತು. ಆ ಕೂಗು ಸಿಂಗಾನಲ್ಲೂರು ಬಸ್ ನಿಲ್ದಾಣದ ತನಕ ಕೇಳಿತು ಎನ್ನುತ್ತಾರೆ. ಕೂಗಿದವನೇ ಕಾಲು ಎಳೆದುಕೊಂಡು ಎದ್ದು, ಕೈಗೆ ಸಿಕ್ಕ ಹಾರೆ ಬೀಸಿದ. ಆಳುಗಳು ಚೆದುರಿದರು. ಚೆನ್ನಿಯಪ್ಪನ್ ಒಳಗೆ ಓಡಿ ಅಗಳಿ ಹಾಕಿಕೊಂಡ.

ಬಾಗಿಲು ಒಡೆದು ಅವನನ್ನು ಕೊಂದೇಬಿಡುತ್ತಿದ್ದನೇನೋ. ಆದರೆ ಎದುರಿಗೆ ಹಳದಿ ಎಂಜಿನ್ ಹಾರ ಹಾಕಿಕೊಂಡು ಕುಳಿತಿತ್ತು. ಕುಪ್ಪಸಾಮಿ ಹಾರೆ ಬಿಸಾಡಿದ. ಹಾರ ಕಿತ್ತೆಸೆದು ಎಂಜಿನ್ನನ್ನು ಅಪ್ಪಿ ಹಿಡಿದು ಎತ್ತಿದ. ಮೂವರು ಹೊರುವ ಭಾರ ಅದು. ಸೊಂಟ ಕಟಕಟ ಅಂದಿತು. ಲಾರಿಯ ಹಿಂಬದಿಗೆ ಅದನ್ನು ಹೇಗೆ ಹತ್ತಿಸಿದ ಎಂದು ಅವನಿಗೇ ಗೊತ್ತಿಲ್ಲ.

ಮನೆ ಮುಂದೆ ಲಾರಿ ನಿಂತಾಗ ಸೂಸೈ ಜಗುಲಿಯಲ್ಲಿ ಗೋಡೆಗೊರಗಿ ಕೂತಿದ್ದ. ಕುಪ್ಪಸಾಮಿಯ ಕಾಲಿನ ಚರ್ಮ ಸುಲಿದು ಬಿಳಿಚಿತ್ತು, ಅಂಗಿಯೆಲ್ಲ ರಕ್ತ. ಸವೇರಿಯಮ್ಮ ಅಯ್ಯೋ ಎಂದು ಎಣ್ಣೆಗೆ ಓಡಿದಳು. ಸೂಸೈಯ ಒಂದೇ ಕಣ್ಣಿನಲ್ಲಿ ನೀರು ತುಂಬಿತು.

"ಹುಡುಕಿಬಿಟ್ಯಾ ಅಣ್ಣಾಚಿ? ನನಗೋಸ್ಕರ ಹೊಡೆದಾಡಿ ಬಂದ್ಯಾ? ನನ್ನ ಒಡಹುಟ್ಟಿದವನೂ ಹಿಂಗೆ ಮಾಡ್ತಿರ್ಲಿಲ್ಲ. ಯಾರು ಅವನು? ಹೇಳು, ಯಾರು?"

ಈಶ್ವರಿ ಬಾಗಿಲಲ್ಲಿ ನಿಂತಿದ್ದಳು. ಸಂಜೆಯಾಗಲು ಇನ್ನೂ ಹೊತ್ತಿತ್ತು.

ಕುಪ್ಪಸಾಮಿ ಮೆಟ್ಟಿಲ ಮೇಲೆ ಕುಸಿದು ಕೂತ. "ನಾನೇ ಸೂಸೈ," ಅಂದ. "ಆ ಲಾರಿ ನಂದೇ. ಬೇರೆ ತೀವು ಅಂದ್ರು. ಒಂದ್ಸಲ ಕೇಳ್ದೆ. ಎರಡನೇ ಸಲ ಕೇಳಿದ್ರೆ ನಿಜ ಹೇಳ್ಬಿಡ್ತಾರೆ ಅಂತ ಕೇಳ್ಲಿಲ್ಲ. ರತ್ತ ನೋಡ್ದೆ. ನೋಡಿ ಟಾರ್ಪಾಲ್ ಎಳ್ದೆ. ನಿನ್ನ ಎಂಜಿನ್‌ಗೆ ಹತ್ತು ಲೋಡು ಬೇಕಿತ್ತು."

ಸೂಸೈ ಪ್ಲಾಸ್ಟರ್ ಹಾಕಿದ ಎರಡು ಕೈಯನ್ನೂ ಎತ್ತಲು ನೋಡಿದ, ಆಗಲಿಲ್ಲ. ನೋವಿಗೆ ಮುಖ ಹಿಂಡಿತು.

"ಸವೇರಿ," ಅಂತ ಕರೆದ. "ನನಗೆ ಕೈಯಿಲ್ಲ. ನೀನು ಹೊಡಿ."

ಸವೇರಿಯಮ್ಮ ಎಣ್ಣೆಯ ಬಟ್ಟಲನ್ನು ಪಕ್ಕಕ್ಕಿಟ್ಟಳು. ಮೊದಲ ಏಟು ಕೆನ್ನೆಗೆ ಬಿತ್ತು, ಎರಡನೆಯದು ಬಾಯಿಗೆ. ಬಲೆ ಎಳೆದ ಕೈ ಅದು, ಗಂಡಸರ ಕೈಗಿಂತ ಗಡುಸು. ಕೂದಲು ಹಿಡಿದು ಕಂಬಕ್ಕೆ ಬಡಿದಳು. ಈಶ್ವರಿಯ ಒನಕೆ ಮೂಲೆಯಲ್ಲಿತ್ತು, ಅದನ್ನು ತೆಗೆದುಕೊಂಡು ಬೆನ್ನಿಗೆ, ಭುಜಕ್ಕೆ, ಸುಟ್ಟ ಕಾಲಿಗೆ ಹೊಡೆದಳು. ಬೀದಿಯ ಜನ ಓಡಿಬಂದರು. ಪವಳ ಕುಪ್ಪಾನ್ ಹೆಂಗಸೊಬ್ಬಳ ಕೈಯಲ್ಲಿ ಸುಮ್ಮನೆ ಒದೆ ತಿನ್ನುವುದನ್ನು ಕಣ್ಣಾರೆ ಕಂಡೂ ನಂಬದೆ ನಿಂತರು. ಯಾರೋ ಬಿಡಿ ಬಿಡಿ ಎನ್ನುತ್ತ ಮುಂದೆ ಬಂದರು. ಈಶ್ವರಿ ಅವರಿಗೆ ಅಡ್ಡ ನಿಂತು, "ಯಾರೂ ಕೈ ಹಾಕ್ಬೇಡಿ," ಅಂದಳು. ಅವಳ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಕುಪ್ಪಸಾಮಿ ಒಂದು ಸಲವೂ ಕೈ ಅಡ್ಡ ತರಲಿಲ್ಲ. ಸವೇರಿಯಮ್ಮ ಉಸಿರು ಕಟ್ಟಿ, ಒನಕೆ ಕೈಜಾರಿ ಬಿದ್ದು, ಕುಳಿತಲ್ಲೇ ಗೋಳೋ ಎಂದು ಅಳತೊಡಗಿದಾಗ ಅದು ನಿಂತಿತು.

ಜನ ಕರಗಿದರು. ಸೂಸೈ ಲಾರಿಯ ಹಿಂಬದಿಯ ಕಡೆಗೆ ಗದ್ದ ತೋರಿಸಿದ.

"ಅದೇನಾ ಎಂಜಿನ್?"

ಕುಪ್ಪಸಾಮಿ ತಲೆಯಾಡಿಸಿದ. ಮಾತಾಡಲು ತುಟಿ ಬರುತ್ತಿರಲಿಲ್ಲ.

"ನನ್ನ ಕೈಯ ಬೆಲೆ ಅದು. ಬಿಟ್ಟು ಹೋಗಲ್ಲ. ದೋಣಿಗೆ ಹಾಕ್ತೀನಿ." ಸೂಸೈ ಉಸಿರೆಳೆದುಕೊಂಡ. "ಮುಂದಿನ ಅಮಾವಾಸ್ಯೆಗೆ ನೀರು ಇಳಿಯುತ್ತೆ. ಹನ್ನೊಂದು ಜನಾನೂ ಬರ್ತಾರೆ, ಹಾರೆ ಹಿಡ್ಕೊಂಡೇ ಬರ್ತಾರೆ. ಚುಕ್ಕಾಣಿ ಹಿಡಿಯೋಕೆ ಕೈ ಬೇಕು. ನೀನು ಬಾ."

"ನನಗೆ ಈಜು ಬರಲ್ಲ ಸೂಸೈ."

"ಗೊತ್ತು," ಅಂದ ಸೂಸೈ.

ಈಶ್ವರಿ ಒಳಗೆ ಹೋಗಿ ಗಂಡನ ಬಟ್ಟೆ ಗಂಟು ಕಟ್ಟಲು ಕುಳಿತಳು.